ಡಿವಿಟಿ: ಐಎನ್‌ಆರ್ 2 ದಾಟಿದರೂ ಹೆಪಾರಿನ್ ಯಾಕೆ ನಿಲ್ಲಿಸಬಾರದು?

ಕಾಲಿನ ಸ್ನಾಯುಗಳ ನಡುವೆ ಆಳದಲ್ಲಿರುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ಡಿವಿಟಿ. ಜರ್ಮನ್ ವೈದ್ಯ ವಿರ್ಕೋ ಹೆಸರಿನ ಮೂರು ಕಾರಣಗಳು ವೈದ್ಯಕೀಯ ಓದುವ ಎಲ್ಲರಿಗೂ ಬಾಯಿಪಾಠ ಇರುತ್ತವೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಪೆಟ್ಟು ಬೀಳುವುದು, ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಸೊಂಟದ ಆಪರೇಷನ್ ಆಗಿ ಮಲಗಿದವರಲ್ಲಿ ಮೂರೂ ಕೂಡಿಬರುತ್ತವೆ. ಹೆಪ್ಪು ಸಾಮಾನ್ಯವಾಗಿ ಮೀನಖಂಡದ ಸಿರೆಗಳಲ್ಲಿ, ಕವಾಟದ ಹಿಂದಿನ ಸಂದಿಯಲ್ಲಿ ಶುರುವಾಗಿ ತೊಡೆಯ ಕಡೆಗೆ ಬೆಳೆಯುತ್ತದೆ. ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಪತ್ತೆ ಮಾಡುವಾಗ ಮೊದಲು ವೆಲ್ಸ್ ಸ್ಕೋರ್, ಅಂದರೆ ಲಕ್ಷಣಗಳಿಗೆ ಅಂಕ ಕೊಟ್ಟು ಡಿವಿಟಿ ಇರುವ ಸಾಧ್ಯತೆ ಅಳೆಯುವುದು. ಇದರಲ್ಲಿ ಮೀನಖಂಡದ ಸುತ್ತಳತೆಯನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ ಸರಿಯಾಗಿ 10 ಸೆಂ.ಮೀ. ಕೆಳಗೆ ಎರಡೂ ಕಾಲಿಗೆ ಪೆನ್ನಿನಲ್ಲಿ ಗುರುತು ಹಾಕಿ, ಟೇಪು ಚರ್ಮದೊಳಗೆ ಒತ್ತದ ಹಾಗೆ ಸುತ್ತಿ ಅಳೆಯಿರಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ಒಂದು ಅಂಕ. ಒಟ್ಟು ಅಂಕ 2ಕ್ಕಿಂತ ಕಡಿಮೆ ಇದ್ದು ಡಿ-ಡೈಮರ್ (ಹೆಪ್ಪು ಕರಗುವಾಗ ಉಳಿಯುವ ತುಣುಕುಗಳ ರಕ್ತಪರೀಕ್ಷೆ) ನೆಗೆಟಿವ್ ಬಂದರೆ ಡಿವಿಟಿ ಬಹುಮಟ್ಟಿಗೆ ಇಲ್ಲ. ಪಾಸಿಟಿವ್ ಬಂದ ಮಾತ್ರಕ್ಕೆ ಇದೆ ಎಂದಲ್ಲ. ಬಸಿರು, ಸೋಂಕು, ಆಪರೇಷನ್, ವಯಸ್ಸು ಎಲ್ಲವೂ ಅದನ್ನು ಏರಿಸುತ್ತವೆ. ಆಗ ಡಾಪ್ಲರ್, ಅಂದರೆ ಸಿರೆಗಳ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಬೇಕು. ಪ್ರೋಬಿನಿಂದ ಒತ್ತಿದಾಗ ಸಿರೆ ಚಪ್ಪಟೆಯಾಗದಿದ್ದರೆ ಒಳಗೆ ಹೆಪ್ಪಿದೆ.

ಇನ್ನು ನನಗೆ ತುಂಬ ಹೊತ್ತು ತಲೆಗೆ ಹತ್ತದ ಭಾಗ. ಸೋಮವಾರ ಹೆಪ್ಪು ತಡೆಯುವ ಎರಡು ಔಷಧ, ಹೆಪಾರಿನ್ ಇಂಜೆಕ್ಷನ್, ವಾರ್ಫರಿನ್ ಮಾತ್ರೆ, ಎರಡೂ ಶುರು ಮಾಡಿದ್ದೀರಿ ಅಂದುಕೊಳ್ಳಿ. ಗುರುವಾರ ಐಎನ್‌ಆರ್ 2.2. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ ಇದು; ನಮಗೆ ಬೇಕಾದದ್ದು 2ರಿಂದ 3ರ ನಡುವೆ, ಅದು ಸಿಕ್ಕಿದೆ. ಆದರೂ ಇಂಜೆಕ್ಷನ್ ನಿಲ್ಲಿಸುವ ಹಾಗಿಲ್ಲ. ಯಾಕೆ?

ವಾರ್ಫರಿನ್ ರಕ್ತದಲ್ಲಿ ಈಗಾಗಲೇ ಇರುವ ಯಾವುದನ್ನೂ ಮುಟ್ಟುವುದಿಲ್ಲ. ಯಕೃತ್ತಿನಲ್ಲಿ ವಿಟಮಿನ್ ಕೆ ನೆರವಿನಿಂದ ತಯಾರಾಗುವ, ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಾದ 2, 7, 9, 10ನೇ ಫ್ಯಾಕ್ಟರ್‌ಗಳ ಹೊಸ ಉತ್ಪಾದನೆಯನ್ನಷ್ಟೇ ತಡೆಯುತ್ತದೆ. ಕಾರ್ಖಾನೆಗೆ ಬೀಗ ಬಿದ್ದರೂ ಗೋದಾಮಿನ ಸರಕು ಖರ್ಚಾಗುವ ತನಕ ಮಾರಾಟ ನಡೆಯುತ್ತದಲ್ಲ, ಹಾಗೆ. ಒಂದೊಂದು ಸರಕೂ ಖಾಲಿಯಾಗುವ ವೇಗ ಬೇರೆ. ಏಳನೇ ಫ್ಯಾಕ್ಟರ್‌ನ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) ಸುಮಾರು 6 ಗಂಟೆ, ಎರಡನೆಯದರದ್ದು, ಅಂದರೆ ಪ್ರೋಥ್ರಾಂಬಿನ್‌ನದ್ದು, ಸುಮಾರು 60 ಗಂಟೆ.

ಉತ್ಪಾದನೆ ಪೂರ್ತಿ ನಿಂತಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. 24 ಗಂಟೆಗೆ ಏಳನೆಯದು ನಾಲ್ಕು ಸಲ ಅರ್ಧವಾಗಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅದೇ ಹೊತ್ತಿಗೆ ಪ್ರೋಥ್ರಾಂಬಿನ್ ಮುಕ್ಕಾಲು ಪಾಲು ಹಾಗೇ ಇರುತ್ತದೆ. ಅದು ಕಾಲು ಭಾಗಕ್ಕೆ ಇಳಿಯಲು ಎರಡು ಅರ್ಧಾಯುಷ್ಯ, ಅಂದರೆ 120 ಗಂಟೆ ಬೇಕು. ಐದು ದಿನ! ಹೆಪಾರಿನ್ ಬಗ್ಗೆ ಪುಸ್ತಕ ಹೇಳುವ ‘ಕನಿಷ್ಠ ಐದು ದಿನ’ ನನಗೆ ಅರ್ಥವಾದದ್ದು ಈ ಗುಣಾಕಾರದಲ್ಲೇ. ಮೊದಲ ದಿನಗಳಲ್ಲಿ ಐಎನ್‌ಆರ್ ಏರುವುದು ಮುಖ್ಯವಾಗಿ ಏಳನೇ ಫ್ಯಾಕ್ಟರ್ ಕುಸಿದದ್ದರಿಂದ. ಹೆಪ್ಪು ಬೆಳೆಸುವ ಥ್ರಾಂಬಿನ್‌ನ ಮೂಲವಾದ ಪ್ರೋಥ್ರಾಂಬಿನ್ ಇನ್ನೂ ರಕ್ತದಲ್ಲಿ ಧಾರಾಳವಾಗಿದೆ.

ಇಷ್ಟೇ ಆಗಿದ್ದರೆ ವಾರ್ಫರಿನ್ ತಡವಾಗಿ ಕೆಲಸ ಮಾಡುತ್ತದೆ ಎಂದು ಸುಮ್ಮನಾಗಬಹುದಿತ್ತು. ಆದರೆ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ ಕೂಡ ವಿಟಮಿನ್ ಕೆ ನಂಬಿಕೊಂಡೇ ಇದೆ. ಅದರ ಅರ್ಧಾಯುಷ್ಯ ಸುಮಾರು 8 ಗಂಟೆ, ಹಾಗಾಗಿ ಬೇಗ ಬರಿದಾಗುತ್ತದೆ. ಹೆಪ್ಪು ತಡೆಯುವುದು ಹೋಯಿತು, ಹೆಪ್ಪು ಮಾಡುವುದು ಉಳಿಯಿತು. ಈ ಕೆಲವು ದಿನ ವಾರ್ಫರಿನ್ ಒಂದನ್ನೇ ಕೊಟ್ಟರೆ ಹೆಪ್ಪು ಹೆಚ್ಚುವ ಅಪಾಯವೇ ಉಂಟು. ಪ್ರೋಟೀನ್ ಸಿ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಚರ್ಮ ಕಪ್ಪಾಗಿ ಕೊಳೆಯುವುದೂ ಇದರಿಂದಲೇ. ಅದಕ್ಕೇ ಕೂಡಲೇ ಕೆಲಸ ಮಾಡುವ ಹೆಪಾರಿನ್ ಕಾವಲಿಗೆ ಇರಬೇಕು.

ಆದ್ದರಿಂದ ಷರತ್ತು ಎರಡು, ಎರಡೂ ಪೂರೈಸಬೇಕು: ಐದು ದಿನ ಕಳೆದಿರಬೇಕು, ಐಎನ್‌ಆರ್ 24 ಗಂಟೆಯಾದರೂ 2ರ ಮೇಲೆ ನಿಂತಿರಬೇಕು. ಹತ್ತನೇ ದಿನವೂ 1.6 ಇದ್ದರೆ ಇಂಜೆಕ್ಷನ್ ಮುಂದುವರಿಯಲೇಬೇಕು.

ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಎಂದು ‘ಸೊಪ್ಪು ಬಿಡಿ’ ಎನ್ನುವುದು ತಪ್ಪು ಸಲಹೆ. ಬಸ್ಸಾರು ಉಣ್ಣುವ ಮನೆಯವರು ಉಣ್ಣಲಿ, ಆದರೆ ಒಂದು ವಾರ ದಿನವೂ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು.

ರಿವರಾಕ್ಸಬಾನ್, ಅಪಿಕ್ಸಬಾನ್‌ಗೆ (ಇವೂ ಹೆಪ್ಪು ತಡೆಯುವ ಮಾತ್ರೆಗಳೇ) ಇಂಜೆಕ್ಷನ್ ಜೊತೆಗೆ ಕೊಡುವ ಈ ಜಂಜಾಟವಿಲ್ಲ. ಅವು ನೇರವಾಗಿ 10ನೇ ಫ್ಯಾಕ್ಟರನ್ನೇ ತಡೆಯುವುದರಿಂದ ಮೊದಲ ದಿನದಿಂದ ಮಾತ್ರೆ ಒಂದೇ ಸಾಕು. ಬಸುರಿಯರಿಗೆ ಮಾತ್ರ ಇವೂ ಬೇಡ, ವಾರ್ಫರಿನ್ನೂ ಬೇಡ, ಕಡಿಮೆ ಅಣುಭಾರದ ಹೆಪಾರಿನ್. ಡಾಬಿಗಟ್ರಾನ್‌ಗೂ (ಇದು ಇನ್ನೊಂದು ಹೆಪ್ಪು ತಡೆಯುವ ಮಾತ್ರೆ) ಐದು ದಿನದ ಇಂಜೆಕ್ಷನ್ ಬೇಕು, ಆದರೆ ವಾರ್ಫರಿನ್ ಹಾಗೆ ಜೊತೆಜೊತೆಗಲ್ಲ: ಇಂಜೆಕ್ಷನ್ ಮುಗಿಸಿ, ಆಮೇಲೆ ಮಾತ್ರೆ.