ಪ್ರಶ್ನೆಯೇ ಪಕ್ಷಪಾತಿ ಅಂತ ಕಂಡುಹಿಡಿಯೋದು ಹೇಗೆ?

ಒಂದು ಟೆನಿಸ್ ಅಂಗಳದ ಚಿತ್ರ, ನಡುವೆ ನೆಟ್ ಇಲ್ಲ. ಏನು ಬಿಟ್ಟುಹೋಗಿದೆ, ಬರೆಯಿರಿ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ಓದುಬರಹ ಬಾರದ ಹೊಸ ಸೈನಿಕರ ಬುದ್ಧಿಯನ್ನು ಹೀಗೆ ಅಳೆಯುತ್ತಿತ್ತು. ಇಟಲಿಯ ಹಳ್ಳಿಯಿಂದ ಬಂದಿಳಿದವನು ಟೆನಿಸ್ ಎಲ್ಲಿ ಕಂಡಿರಬೇಕು? ಓದು ಬಲ್ಲವರಿಗೆ ಬೇರೆ ಪತ್ರಿಕೆ. ಅದರಲ್ಲಿ ಕ್ರಿಸ್ಕೊ ಅಂದರೆ ಔಷಧಿಯೋ, ಟೂತ್‌ಪೇಸ್ಟೋ, ತಿನ್ನುವ ವಸ್ತುವೋ ಎಂಬ ಪ್ರಶ್ನೆಯಿತ್ತು. ಅದು ನಮ್ಮ ಡಾಲ್ಡಾ ಥರದ ಅಡುಗೆ ಕೊಬ್ಬು!

ಆ ಅಂಕಗಳನ್ನು ನೆಚ್ಚಿ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ 1923ರಲ್ಲಿ, ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಬುದ್ಧಿ ಕಡಿಮೆ ಎಂದು ಬರೆದರು. 1930ರಲ್ಲಿ ತಾವೇ ಆ ಮಾತನ್ನು ವಾಪಸು ಪಡೆದರು. ಅಷ್ಟರಲ್ಲಿ, 1926ಕ್ಕೇ, ಅವರ ಕೈಯಲ್ಲಿ ಅಮೆರಿಕದ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ಹುಟ್ಟಿಯಾಗಿತ್ತು.

ಇಂಥ ಪ್ರಶ್ನೆಗಳ ತಪ್ಪು ಓದಿದ ಕೂಡಲೇ ಗೊತ್ತಾಗುತ್ತದೆ ಅಲ್ವಾ? ಷಿಕಾಗೋದ ಜಡ್ಜ್ ಜಾನ್ ಗ್ರೇಡಿ ಕೂಡ ಹಾಗೇ ಅಂದುಕೊಂಡರು. ಐಕ್ಯೂ ಪರೀಕ್ಷೆ ನಂಬಿ ಕಪ್ಪು ಮಕ್ಕಳನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕುತ್ತಾರೆ ಎಂಬ ದೂರು ಅವರ ಮುಂದಿತ್ತು. 1979ರಲ್ಲಿ ಕ್ಯಾಲಿಫೋರ್ನಿಯಾದ ಜಡ್ಜ್ ಒಬ್ಬರು ಇಂಥದ್ದೇ ಕೇಸಿನಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿದ್ದರು. ಗ್ರೇಡಿ ತಜ್ಞರ ವಾದ ಬದಿಗಿಟ್ಟು ತಾವೇ ಒಂದೊಂದೇ ಪ್ರಶ್ನೆ ಓದಿದರು. 1980ರ ತೀರ್ಪಿನಲ್ಲಿ ಪ್ರಶ್ನೆಗಳನ್ನೂ ಸರಿ ಉತ್ತರಗಳನ್ನೂ ಅಚ್ಚು ಹಾಕಿಸಿದರು. ಗುಟ್ಟಾಗಿರಬೇಕಾದ ಪತ್ರಿಕೆ ಬಯಲಾಯಿತು! ಅವರಿಗೆ ಅನುಮಾನ ಬಂದದ್ದು ಒಂಬತ್ತು ಪ್ರಶ್ನೆಗಳ ಮೇಲೆ ಮಾತ್ರ. ಆಮೇಲೆ ಸಂಶೋಧಕರು ಅವೇ ಪ್ರಶ್ನೆಗಳನ್ನು ಷಿಕಾಗೋದ ಮಕ್ಕಳಿಗೆ ಕೇಳಿದರು. ಕಪ್ಪು ಮಕ್ಕಳು ಅಲ್ಲೇನೂ ವಿಶೇಷವಾಗಿ ಎಡವಿರಲಿಲ್ಲ.

ಕಣ್ಣಳತೆ ಸಾಲದು, ಲೆಕ್ಕ ಬೇಕು. ಯಾವ ಲೆಕ್ಕ? ಇಲಿನಾಯ್ ರಾಜ್ಯದ ಇನ್ಶೂರೆನ್ಸ್ ಏಜೆಂಟರ ಪರೀಕ್ಷೆಯ ಜಗಳದಲ್ಲಿ, 1984ರ ರಾಜಿಯ ಪ್ರಕಾರ, ಬಿಳಿಯರ ಮತ್ತು ಕಪ್ಪು ಜನರ ನಡುವೆ ಅಂತರ ಕಡಿಮೆ ಇರುವ ಪ್ರಶ್ನೆಗಳಿಗೇ ಮೊದಲ ಆದ್ಯತೆ. ಕೇಳಲು ನ್ಯಾಯವಾಗಿದೆ. ಆದರೆ ಒಳ್ಳೆಯ ಶಾಲೆ ಸಿಗದ್ದಕ್ಕೆ ಬಂದ ಅಂತರ ಯಾವುದು, ಪ್ರಶ್ನೆಯ ಓರೆಯಿಂದ ಬಂದದ್ದು ಯಾವುದು ಎಂದು ಇದರಲ್ಲಿ ಬೇರೆ ಮಾಡೋಕಾಗಲ್ಲ. ರಾಜಿಗೆ ಒಪ್ಪಿದ್ದು ತಪ್ಪಾಯಿತು ಎಂದು ಆ ಪರೀಕ್ಷೆ ರೂಪಿಸಿದ ಸಂಸ್ಥೆಯ ಮುಖ್ಯಸ್ಥರೇ 1987ರಲ್ಲಿ ಹೇಳಿದರು.

ದಾರಿ ಸಿಕ್ಕಿದ್ದು ಕ್ಯಾನ್ಸರ್ ಸಂಶೋಧನೆಯಿಂದ. ರೋಗಕ್ಕೆ ಕಾರಣ ಹುಡುಕುವಾಗ ಒಂದೇ ವಯಸ್ಸಿನವರನ್ನು ಹೋಲಿಸಬೇಕು ಎಂಬುದು 1959ರಲ್ಲಿ ಮ್ಯಾಂಟೆಲ್ ಮತ್ತು ಹೆನ್ಸೆಲ್ ಕೊಟ್ಟ ಲೆಕ್ಕದ ತಿರುಳು. ಪರೀಕ್ಷೆಗಳ ಲೆಕ್ಕದ ತಜ್ಞರಾದ ಹಾಲೆಂಡ್ ಮತ್ತು ಥೇಯರ್ 1988ರಲ್ಲಿ ವಯಸ್ಸಿನ ಜಾಗಕ್ಕೆ ಒಟ್ಟು ಅಂಕ ತಂದರು. ಎರಡೂ ಗುಂಪುಗಳಿಂದ 60 ಅಂಕ ತೆಗೆದವರನ್ನು ಆರಿಸಿ, 50 ತೆಗೆದವರನ್ನು ಆರಿಸಿ, ಒಂದೊಂದೇ ಪ್ರಶ್ನೆ ನೋಡಿ. ಅಂಕ ಸಮ, ಆದರೂ ಒಂದು ಗುಂಪು ಮಾತ್ರ ಒಂದು ಪ್ರಶ್ನೆಯಲ್ಲಿ ಜಾಸ್ತಿ ಎಡವುತ್ತಿದ್ದರೆ ಅದನ್ನು ಎತ್ತಿಟ್ಟು ಪರಿಶೀಲಿಸುತ್ತಾರೆ. ಸುಮ್ನೆ ಕಿತ್ತುಹಾಕೋದಿಲ್ಲ.

ಒಂದು ತೊಡಕು ಉಳಿಯಿತು. ಹೋಲಿಕೆಗೆ ಹಿಡಿದ ಒಟ್ಟು ಅಂಕವೂ ಅದೇ ಪತ್ರಿಕೆಯದು. ಇಡೀ ಪತ್ರಿಕೆಯೇ ವಾಲಿದ್ದರೆ ಈ ತಕ್ಕಡಿಗೆ ಕಾಣದು.

2003ರಲ್ಲಿ ಸಂಶೋಧಕ ರಾಯ್ ಫ್ರೀಡಲ್ ಇನ್ನೊಂದು ವಿಚಿತ್ರ ಮುಂದಿಟ್ಟರು. ಸ್ಯಾಟ್‌ನ ಭಾಷಾ ಭಾಗದಲ್ಲಿ ಸಮ ಅಂಕದ ಕಪ್ಪು ವಿದ್ಯಾರ್ಥಿಗಳು ಹಿಂದೆ ಬಿದ್ದದ್ದು ಸುಲಭದ ಪ್ರಶ್ನೆಗಳಲ್ಲಿ, ಕಷ್ಟದವುಗಳಲ್ಲಿ ಅಲ್ಲ. ಅವರ ವಿವರಣೆ ಹೀಗೆ: ಕಷ್ಟದ ಪದವನ್ನು ಎಲ್ಲರೂ ಪುಸ್ತಕದಿಂದಲೇ ಕಲಿಯುತ್ತಾರೆ, ದಿನಬಳಕೆಯ ಪದಕ್ಕೆ ಮಾತ್ರ ಒಂದೊಂದು ಕೇರಿಯಲ್ಲಿ ಒಂದೊಂದು ಅರ್ಥ. ಈ ಬಗ್ಗೆ ತಜ್ಞರ ಜಗಳ ಇನ್ನೂ ನಿಂತಿಲ್ಲ.