ಒತ್ತು ಸರಿದರೆ ಕ್ರಿಯಾಪದವೇ ಬದಲು: ಸ್ಪ್ಯಾನಿಷ್ ಟಿಪ್ಪಣಿ

ನಮ್ಮಲ್ಲಿ ಕೊಡು ಬೇರೆ, ಕೋಡು ಬೇರೆ. ಸ್ವರ ಎಳೆದರೆ ಅರ್ಥ ಬದಲು. ಸ್ಪ್ಯಾನಿಷ್‌ನಲ್ಲಿ ಆ ಕೆಲಸ ಮಾಡುವುದು ಒತ್ತು. ಒತ್ತಕ್ಷರ ಅಲ್ಲ, ದನಿಯ ಒತ್ತು. ಅದು ಬೀಳುವ ಕಡೆ ಇಲ್ಲಿ ದೀರ್ಘ ಬರೆದಿದ್ದೇನೆ.

'ಆಬ್ಲೊ' ಅಂದರೆ ಮಾತಾಡ್ತೀನಿ. 'ಅಬ್ಲೋ' ಅಂದರೆ ಅವಳು (ಅಥವಾ ಅವನು) ಮಾತಾಡಿದ್ದು. ಅಕ್ಷರಗಳು ಅವೇ, ಕೊನೆಯ ಸ್ವರದ ಮೇಲೆ ಒಂದು ಗೀಟು ಜಾಸ್ತಿ ಅಷ್ಟೇ. ಮೊದಮೊದಲು ಅದು ಸುಮ್ನೆ ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಅಜ್ಜಿ ಹಾಡಿದರು, ಅಡುಗೆ ಮಾಡಿದರು ಅಂತ ಬರೆದದ್ದೆಲ್ಲ ನಾನು ಹಾಡ್ತೀನಿ, ನಾನು ಅಡುಗೆ ಮಾಡ್ತೀನಿ ಅಂತಾಗಿಹೋಗಿತ್ತು!

ಒತ್ತು ಎಲ್ಲಿ ಅಂತ ತಿಳಿಯಲು ಪದವನ್ನು ಬಿಡಿಸಬೇಕು. ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ತುಂಡಿಗೆ: ಕೋ-ಮೊ. ಎರಡಿದ್ದರೆ ಸಾಮಾನ್ಯವಾಗಿ ಆಚೆಗೊಂದು, ಈಚೆಗೊಂದು: ಕಾನ್-ತೊ. ಬ್ಲ, ಪ್ರ, ತ್ರ ಥರದ ಜೋಡಿ ಮಾತ್ರ ಒಡೆಯುವುದಿಲ್ಲ: ಆ-ಬ್ಲೊ. ನಮ್ಮ ಲಿಪಿಯನ್ನು ನಂಬಿ 'ಗಾ-ಸ್ತೊ' ಅಂದರೆ ತಪ್ಪು, ಅದು 'ಗಾಸ್-ತೊ'.

ಪದ ಸ್ವರ, ನ್ ಅಥವಾ ಸ್‌ನಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೇ ತುಂಡಿಗೆ. ಇಲ್ಲದಿದ್ದರೆ ಕೊನೆಯದಕ್ಕೆ. ಇದಕ್ಕೆ ತಪ್ಪಿದ ಕಡೆ ಗೀಟು ಹಾಕುತ್ತಾರೆ. ಕ್ರಿಯಾಪದದ ಮೂಲರೂಪ ರ್‌ನಲ್ಲಿ ಮುಗಿಯುತ್ತದಲ್ವಾ, ಹಾಗಾಗಿ ಅಬ್ಲಾರ್ (ಮಾತಾಡು), ಕೊಮೇರ್ (ತಿನ್ನು).

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. 'ಪೊದೇರ್' ಅಂದರೆ ಆಗು, ಸಾಧ್ಯವಾಗು. ನಾನು 'ಪ್ವೇದೊ', ನೀನು 'ಪ್ವೇದೆಸ್', ಅವನು 'ಪ್ವೇದೆ', ಅವರು 'ಪ್ವೇದೆನ್'. ಆದರೆ ನಾವು 'ಪೊದೇಮೊಸ್'. ವ್ಯಾಕರಣ ಪುಸ್ತಕ ಇದನ್ನು ಅನಿಯಮಿತ ಅನ್ನುತ್ತದೆ. ನನಗಂತೂ ಹಾಗನ್ನಿಸುವುದಿಲ್ಲ. ಲ್ಯಾಟಿನ್‌ನ ಹ್ರಸ್ವ 'ಒ' ಮೇಲೆ ಒತ್ತು ಬಿದ್ದಾಗ ಸ್ಪ್ಯಾನಿಷ್‌ನಲ್ಲಿ ಅದು 'ವೆ' ಆಯಿತು. 'ಪೊದೇಮೊಸ್'ನಲ್ಲಿ ಒತ್ತು ಮುಂದಕ್ಕೆ ಜಾರಿದೆ, 'ಒ' ಬಚಾವಾಯಿತು. ಎಲ್ಲ 'ಒ'ಗೂ ಹೀಗಾಗಲ್ಲ. ಕೊಮೇರ್ ಕೋಮೊ ಆಗುತ್ತದೆ, 'ಕ್ವೇಮೊ' ಅಲ್ಲ. ಅದನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ.

ಹೊಸ ಪದ ಕಟ್ಟುವಾಗಲೂ ಇದೇ ಆಟ. 'ಕೊನ್ತಾರ್' ಅಂದರೆ ಎಣಿಸು, ಕಥೆ ಹೇಳು ಅಂತಲೂ ಹೌದು. 'ಕ್ವೇನ್ತೊ' ಅಂದರೆ ಕಥೆ. 'ದೋರ್' ಪ್ರತ್ಯಯ ಹಚ್ಚಿದರೆ ಒತ್ತನ್ನು ಅದೇ ಎಳೆದುಕೊಳ್ಳುತ್ತದೆ, 'ಒ' ವಾಪಸ್: 'ಕೊನ್ತದೋರ್', ಲ್ಯಾಟಿನ್ ಅಮೆರಿಕದಲ್ಲಿ ಅಕೌಂಟೆಂಟ್. 'ಕೊನ್ತಾರ್' ಶುರುವಿಗೆ 'ದೆಸ್' ಸೇರಿಸಿ 'ದೆಸ್ಕೊನ್ತಾರ್' ಅಂದರೆ ಮೊತ್ತದಿಂದ ಕಳೆ. ಹಾಗಾದರೆ ಅಂಗಡಿ ಬಾಗಿಲಲ್ಲಿ ಡಿಸ್ಕೌಂಟ್ ಅಂತ ತೂಗುಹಾಕುವ ಬೋರ್ಡಿನಲ್ಲಿ ಏನಿರಬೇಕು? 'ದೆಸ್ಕ್ವೇನ್ತೊ'.