‘ಕನ್ನಡ’ ಎರಡು ತುಂಡಾದರೆ ಬಗ್ ರಿಪೋರ್ಟ್ ಹೀಗೆ ಬರೆಯಿರಿ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಬರುವ, ಪಠ್ಯದಲ್ಲಿ ನಮೂನೆ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿಗೆ ‘ಕನ್ನಡ’ ಎಂದು ಕೊಟ್ಟು, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್ (\w+, ಅಂದರೆ ‘ಪದದ ಭಾಗವಾದ ಚಿಹ್ನೆಗಳ ಸಾಲು’) ಬಳಸಿ ಪದ ಹುಡುಕಿಸಿ. ಎರಡು ಪದ ಸಿಗುತ್ತವೆ: ‘ಕನ’ ಮತ್ತು ‘ನಡ’. ಒತ್ತಕ್ಷರ ಮಾಡುವ ಚಿಹ್ನೆಯನ್ನೂ ಗುಣಿತದ ಚಿಹ್ನೆಗಳನ್ನೂ, ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಮಾನದಂಡವಾದ ಯೂನಿಕೋಡ್ ‘ಮಾರ್ಕ್’ ಎಂಬ ಗುಂಪಿಗೆ ಸೇರಿಸಿದೆ. ಈ ಲೈಬ್ರರಿ ಪದದ ಭಾಗ ಅಂತ ಒಪ್ಪುವುದು ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ.

ತುಂಡಾದರೆ ಕಣ್ಣಿಗಾದರೂ ಬೀಳುತ್ತದೆ. ಬದಲಾವಣೆ ಮಾಡಿಸುವಾಗ ಅಪಾಯ ಜಾಸ್ತಿ. ‘ಮರ’ ಎಂಬ ಇಡೀ ಪದ ಬಂದಲ್ಲಿ ಮಾತ್ರ ‘ಗಿಡ’ ಹಾಕು ಅಂದರೆ, ‘ಬೆಕ್ಕಿನ ಮರಿ’ ಹೋಗಿ ‘ಬೆಕ್ಕಿನ ಗಿಡಿ’ ಆಗುತ್ತದೆ. ಗುಣಿತದ ಮುಂಚೆಯೇ ಪದ ಮುಗಿಯಿತು ಅಂತ ಅದು ತಿಳಿಯುತ್ತದೆ. ಎಲ್ಲೂ ಎರರ್ ಬರುವುದಿಲ್ಲ.

ಇಂಥದ್ದನ್ನು ವರದಿ ಮಾಡುವಾಗ ‘ಕನ್ನಡ ಸರಿಯಾಗಿ ಬರ್ತಿಲ್ಲ’ ಅಂದರೆ ಸಾಲದು. ಓದುವವರಿಗೆ ಕನ್ನಡ ಬರದೇ ಇರಬಹುದು; ‘ಕನ’, ‘ನಡ’ ನೋಡಿ ತಪ್ಪೇನು ಅಂತ ಅವರಿಗೆ ಹೊಳೆಯುವುದಿಲ್ಲ. ಒಂದೇ ಪದ, ಒಂದೇ ಸಾಲಿನ ಕೋಡ್ ಕೊಡಿ. ಪದದ ಒಂದೊಂದು ಚಿಹ್ನೆಗೂ ಯೂನಿಕೋಡ್ ಕೊಟ್ಟ ಸಂಖ್ಯೆಯೇ ಕೋಡ್‌ಪಾಯಿಂಟ್; ಆ ಐದೂ ಕೋಡ್‌ಪಾಯಿಂಟ್‌ಗಳನ್ನು ಸಂಖ್ಯೆಯಲ್ಲೇ ಬರೆಯಿರಿ. ಕಾಪಿ ಮಾಡುವಾಗ ಕಣ್ಣಿಗೆ ಕಾಣದ ಜೋಡಕಗಳು (ಅಕ್ಷರಗಳನ್ನು ಕೂಡಿಸುವ ಇಲ್ಲವೇ ಬಿಡಿಸಿಡುವ ZWJ, ZWNJ ಚಿಹ್ನೆಗಳು) ಕಳೆದುಹೋಗುವುದುಂಟು, ಸಂಖ್ಯೆ ಕಳೆದುಹೋಗುವುದಿಲ್ಲ. ಯಾವ ಆವೃತ್ತಿ, ಬಂದದ್ದೇನು, ಬರಬೇಕಾದದ್ದೇನು, ಇಷ್ಟು ಸಾಕು.

ಮುಖ್ಯವಾದದ್ದು ವಾದ. ‘ದಾಖಲೆಯಲ್ಲಿ ಹೇಳಿದ ಹಾಗೇ ನಡೆಯುತ್ತಿದೆ’ ಎಂಬ ಉತ್ತರ ಬರಬಹುದು. ಅದು ಸುಳ್ಳೂ ಅಲ್ಲ. ಹಾಗಾಗಿ ಯೂನಿಕೋಡ್‌ನ 18ನೇ ತಾಂತ್ರಿಕ ಮಾನದಂಡವನ್ನು ಮುಂದಿಡಿ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಿಗೆಂದೇ ಇರುವ ಅದು, ಮಾರ್ಕ್‌ಗಳನ್ನೂ ಪದದ ಭಾಗ ಎಂದೇ ಎಣಿಸುತ್ತದೆ. ಪರ್ಲ್ ಭಾಷೆ ‘ಕನ್ನಡ’ವನ್ನು ಇಡಿಯಾಗಿಯೇ ಹಿಡಿಯುತ್ತದೆ ಅಂತಲೂ ತೋರಿಸಿ.

ಹೊಸ ವರದಿ ತೆರೆಯುವ ಮುಂಚೆ ಹಳೆಯದನ್ನು ಹುಡುಕಿ. ಪೈಥಾನ್‌ಗೆ ಈ ದೂರು 2007ರಲ್ಲೂ 2011ರಲ್ಲೂ ಹೋಗಿದೆ. ಅಲ್ಲೇ ನಿಮ್ಮ ಕನ್ನಡದ ಉದಾಹರಣೆ ಸೇರಿಸಿದರೆ ತೂಕ ಹೆಚ್ಚುತ್ತದೆ. ಕೋಟಿಗಟ್ಟಲೆ ಜನ ಬರೆಯುವ ಲಿಪಿ ಇದು, ಕೇಳುವ ಹಕ್ಕು ನಮಗಿದೆ ಅಲ್ವಾ?

ಸದ್ಯಕ್ಕೆ ಕೆಲಸ ಸಾಗಬೇಕಾದರೆ, ‘ರೆಜೆಕ್ಸ್’ ಹೆಸರಿನ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಳ್ಳಿ. ಅದು ಮಾರ್ಕ್‌ಗಳನ್ನು ಬಿಡುವುದಿಲ್ಲ. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ ಸಂಖ್ಯೆಗಳ ಸಾಲಾದ ಕನ್ನಡ ಬ್ಲಾಕ್‌ನ ವ್ಯಾಪ್ತಿಯನ್ನೇ ಪ್ಯಾಟರ್ನ್‌ನಲ್ಲಿ ಬರೆಯುವುದಾದರೆ ಜೋಡಕಗಳನ್ನೂ ಸೇರಿಸಿ. ಇಲ್ಲದಿದ್ದರೆ ‘ರಾಜ್‌ಕುಮಾರ್’ ನಡುವೆ ಮುರಿಯುತ್ತದೆ.